ಹೊಳೆಗಲ್ಲು ಮೇಜಿನ ಅಂಚು

ಮ್ಯೂಸಿಯಂನಿಂದ ಬಂದ ಲಕೋಟೆಯನ್ನು ಡ್ರಾಯಿಂಗ್ ಟೀಚರ್ ಕೂಡಲೇ ಒಡೆಯಲಿಲ್ಲ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಂಟಿಸಿದ ಜಾಗವನ್ನು ಉಗುರಿನಿಂದ ಕೆರೆದು, ದಾರಿಯಲ್ಲಿ ಯಾರಾದರೂ ಬಿಚ್ಚಿ ಓದಿ ಮತ್ತೆ ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸಿದರು. ಎಂಬತ್ತೆರಡು ವರ್ಷದ ಈ ಹೆಂಗಸಿಗೆ ಅನುಮಾನವೆನ್ನುವುದು ಬೆಳಗಿನ ಕಾಫಿಯಷ್ಟೇ ರೂಢಿ. ಹಾಲಿನವನು ನೀರು ಬೆರೆಸುತ್ತಾನೆ. ಗಡಿಯಾರದ ಅಂಗಡಿಯವನು ಒಳ್ಳೆಯ ಸ್ಪ್ರಿಂಗ್ ಕಿತ್ತುಕೊಂಡು ಹಳೆಯದನ್ನು ತುರುಕುತ್ತಾನೆ. ಕಣ್ಣಿನ ಡಾಕ್ಟರಂತೂ ಹೊಸ ಕನ್ನಡಕ ಕೊಡಿಸಬೇಕೆಂದೇ ಗೋಡೆಯ ಮೇಲಿನ ಅಕ್ಷರಗಳನ್ನು ಸಣ್ಣ ಮಾಡಿಸಿದ್ದಾರೆ.

"ನಗು, ನಗು. ನಿಮ್ಮಪ್ಪನ ಹಾಗೆ ನೀನೂ ಊರವರನ್ನೆಲ್ಲ ನಂಬ್ಕೊಂಡು ಕೂತ್ಕೋ," ಎಂದು ಮಗಳನ್ನು ಗದರಿಸಿ, ಕೊನೆಗೂ ಲಕೋಟೆ ಒಡೆದರು.

ಮನೆಸಾಮಾನುಗಳಿಗೆಂದೇ ಮ್ಯೂಸಿಯಂನವರು ಹೊಸದೊಂದು ಹಜಾರ ತೆರೆಯುತ್ತಿದ್ದರು. ಅದರ ನಟ್ಟನಡುವೆ ಹೊಳೆಗಲ್ಲು ಮೇಜನ್ನು ಇಡುವುದು ಎಂದು ತೀರ್ಮಾನವಾಗಿತ್ತು. ಪಕ್ಕದ ಫಲಕದಲ್ಲಿ ವಿನ್ಯಾಸಕರೆಂದು ಟೀಚರ ಹೆಸರು, ಅವರ ತಮ್ಮನ ಹೆಸರು ಎರಡೂ ಇರುತ್ತವೆ, ಒಪ್ಪಿಗೆಯಿದ್ದರೆ ಇಬ್ಬರೂ ಸಹಿ ಹಾಕಬೇಕು ಎಂದು ಬರೆದಿದ್ದರು. ಕೆಳಗೆ ಎರಡು ಗೆರೆ. ಒಂದರ ಮೇಲೆ ತಮ್ಮನ ಸಹಿ ಆಗಲೇ ಬಂದು ಕೂತಿತ್ತು.

"ನೋಡ್ದ್ಯಾ ಅವಸರಾನ!" ಎಂದರು ಟೀಚರ್.

"ಕೇಳಿದ್ರು, ಹಾಕಿದ್ರು. ಅದರಲ್ಲೇನಿದೆ ಅಮ್ಮ?"

"ಕೇಳಿದ ತಕ್ಷಣ ಸಹಿ ಹಾಕೋರು ಯಾರು ಗೊತ್ತಾ? ಮನಸ್ಸಲ್ಲಿ ಕಳ್ಳತನ ಇಟ್ಕೊಂಡಿರೋರು."

ಸೋದರಮಾವನ ಮಾತು ಬಂದರೆ ಈ ಮನೆಯಲ್ಲಿ ಸುಮ್ಮನಾಗುವುದೇ ಲೇಸು ಎಂದು ಮಗಳಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಅಕ್ಕ ತಮ್ಮ ಮಾತು ಬಿಟ್ಟು ಐವತ್ತು ವರ್ಷವಾಗಿತ್ತು. ಮಾತು ಬಿಟ್ಟದ್ದು ಅಕ್ಕ. ಕಾರಣ ಈ ಮೇಜೇ.

ಇವತ್ತು ಪತ್ರಿಕೆಗಳಲ್ಲಿ ಅದರ ಚಿತ್ರ ಹಾಕಿ ಏನೇನೋ ದೊಡ್ಡ ಮಾತು ಬರೆಯುತ್ತಾರೆ. ಆಗ ಅದು ಬರೀ ಒಂದು ಮೇಜು, ಮೊಣಕಾಲಿನಷ್ಟು ಎತ್ತರದ್ದು, ಕಾಫಿ ಲೋಟ ಇಡುವುದಕ್ಕೆ. ಅಂದಿನ ಮೇಜುಗಳೆಂದರೆ ನಾಲ್ಕಾಳು ಎತ್ತಬೇಕಾದಂಥವು. ಸಿಂಹದ ಪಾದ, ಬಳ್ಳಿ, ಗುಬುಟು, ಇನ್ನೂ ಏನೇನೋ. ಎರಡು ಕೋಣೆಯ ಬಾಡಿಗೆ ಮನೆಗೆ ಅವು ಹೊಕ್ಕರೆ ಮನುಷ್ಯರು ಹೊರಗೆ ನಿಲ್ಲಬೇಕು. ಅಕ್ಕ ತಮ್ಮ ಸೇರಿ ಮಾಡಿದ ಮೇಜಿಗೆ ಮೂರೇ ಕಾಲು, ಒಂದೇ ಒಂದು ಮೊಳೆಯಿಲ್ಲ, ಒಬ್ಬ ಹೆಂಗಸು ಒಂದು ಕೈಯಲ್ಲಿ ಎತ್ತಿ ಕಸ ಗುಡಿಸಬಹುದು. ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ಅದರ ಮೇಲ್ಭಾಗಕ್ಕೆ ಮೂಲೆ ಎನ್ನುವುದೇ ಇರಲಿಲ್ಲ. ಹೊಳೆಯ ನೀರು ಸವೆಸಿದ ಕಲ್ಲಿನ ಹಾಗೆ ಅಂಚು ಸುತ್ತಿಕೊಂಡು ಬಂದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಅಂಚು ಅಕ್ಕನ ಕೈಯದು. ಆಕೆಗೆ ಆಗ ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿತ್ತು. ಬರೆಯುವುದಕ್ಕೆ ಸರಿಯಾದ ಮೇಜಿಲ್ಲ. ಅಡುಗೆಮನೆಯ ಕೆಲಸ ಮುಗಿದ ಮೇಲೆ ಅಲ್ಲೇ ನೆಲದ ಮೇಲೆ ದೊಡ್ಡ ಕಂದು ಹಾಳೆ ಹಾಸಿ, ಮಂಡಿಯೂರಿ, ಮೇಜೆಷ್ಟಿದೆಯೋ ಅಷ್ಟೇ ದೊಡ್ಡ ಚಿತ್ರವನ್ನು ಕೈಯೆತ್ತದೆ ಒಂದೇ ಎಳೆತಕ್ಕೆ ಬರೆಯುತ್ತಿದ್ದರು. ತಮ್ಮ ಆ ಹಾಳೆಯನ್ನು ಕೆಲಸದ ಶೆಡ್ಡಿಗೆ ಒಯ್ದು ಹಲಗೆಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಹೇರಿ, ಗೆರೆ ಇಳಿಸಿಕೊಂಡು ಮರದ ಅಚ್ಚು ಕತ್ತರಿಸುತ್ತಿದ್ದ. ಒಮ್ಮೆ ಅಚ್ಚು ತಯಾರಾಯಿತೆಂದರೆ ಮುಗಿಯಿತು, ಎಷ್ಟು ಮೇಜು ಬೇಕಾದರೂ ಅದನ್ನಿಟ್ಟೇ ಕೊಯ್ಯುವುದು. ಹಾಳೆಯನ್ನು ಸುರುಳಿ ಸುತ್ತಿ ಅಕ್ಕನಿಗೆ ವಾಪಸು ಕೊಡುತ್ತಿದ್ದ. ಮೇಜು ಮಾಡಿದವರು ಯಾರು ಎಂದು ಗಿರಾಕಿಗಳು ಕೇಳಿದರೆ ಅಕ್ಕ ತಮ್ಮನತ್ತ ಕೈ ತೋರಿಸುವಳು, ತಮ್ಮ ಅಕ್ಕನತ್ತ.

ಎರಡೇ ವರ್ಷ. ಆಮೇಲೊಂದು ದಿನ ಪೇಟೆಬೀದಿಯ ದೊಡ್ಡ ಅಂಗಡಿಯ ಗಾಜಿನ ಹಿಂದೆ ಅದೇ ಮೇಜು, ಸಾಲಾಗಿ ಎಂಟು. ಯಾವುದೋ ದೊಡ್ಡ ಕಾರ್ಖಾನೆಯ ಮಾಲು. ಅದೇ ಅಳತೆ, ಅದೇ ಕಾಲು, ಅದೇ ಅಂಚು. ಸುಮ್ಮನೆ ಕಣ್ಣಳತೆಯಲ್ಲಿ ನೋಡಿ ಮಾಡಿದ್ದಲ್ಲ. ಯಾರೋ ಒಳಗಿನವರು ನಮೂನೆ ಕೈಗೇ ಕೊಟ್ಟಿದ್ದರು. ಕಾರ್ಖಾನೆಯ ಮೇಜಿನ ಮುಂದೆ ಶೆಡ್ಡಿನ ಮೇಜನ್ನು ಯಾರು ಕೇಳುತ್ತಾರೆ? ಆರು ತಿಂಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು.

ಟೀಚರ ಯಜಮಾನರು ಅಂಟಿನ ಏಜೆಂಟರು. ಹಲಗೆ ಅಂಟಿಸುವ ಗೋಂದಿನ ಡಬ್ಬಿಗಳನ್ನು ಕಾರ್ಖಾನೆ ಕಾರ್ಖಾನೆಗೆ ಒಯ್ದು ಮಾರುವುದು ಅವರ ಕೆಲಸ. ಮೆತ್ತನೆ ಮಾತಿನ ಮನುಷ್ಯ, ಯಾರ ಮೇಲೂ ಕೆಟ್ಟದ್ದು ಆಡಿದವರಲ್ಲ. ಅವತ್ತು ಊಟಕ್ಕೆ ಕೂತಾಗ ಇಷ್ಟೇ ಹೇಳಿದ್ದರು: "ಅಚ್ಚು ಯಾರ ಹತ್ರ ಇರುತ್ತೆ? ಶೆಡ್ಡಿನ ಬೀಗದ ಕೈ ಯಾರ ಹತ್ರ ಇರುತ್ತೆ? ನಾನೇನೂ ಹೇಳಲ್ಲಪ್ಪ. ಅವನು ನಿನ್ನ ತಮ್ಮ."

ಟೀಚರ್ ಹೋಗಿ ಮುಖಕ್ಕೆ ಮುಖ ಕೊಟ್ಟೇ ಕೇಳಿದರು. "ನಾನು ಕೊಟ್ಟಿಲ್ಲ ಅಕ್ಕ," ಎಂದ ತಮ್ಮ. "ಹಾಗಾದ್ರೆ ಯಾರು ಕೊಟ್ರು?" ಎಂದಿದ್ದಕ್ಕೆ ಅವನು ಅಕ್ಕನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಅಷ್ಟು ಸಾಕಾಯಿತು ಟೀಚರಿಗೆ. ತಪ್ಪು ಮಾಡದವನು ಹೀಗೆ ಬಾಯಿ ಹೊಲಿದುಕೊಂಡು ನಿಲ್ಲುತ್ತಾನೆಯೇ?

ಅಲ್ಲಿಂದ ಮುಂದೆ ಆಕೆ ಒಂದು ಶಾಲೆ ಸೇರಿ ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದರು. ತಮ್ಮನು ಊರಿನ ಇನ್ನೊಂದು ತುದಿಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸಕ್ಕೆ ಕೂತ. ನಕಲು ಮೇಜು ಮಾತ್ರ ಊರೆಲ್ಲ ಹಬ್ಬಿತು. ಬ್ಯಾಂಕಿನಲ್ಲಿ ಅದೇ, ವಕೀಲರ ಮನೆಯಲ್ಲಿ ಅದೇ. ಟೀಚರ್ ಒಂದನ್ನೂ ಮುಟ್ಟಲಿಲ್ಲ. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಅದರ ಮುಂದೆಯೇ ಕೂರಬೇಕಾಗಿ ಬಂದಾಗ ಛತ್ರಿ, ಚೀಲ, ಎಕ್ಸ್‌ರೇ ಲಕೋಟೆ ಎಲ್ಲವನ್ನೂ ತೊಡೆಯ ಮೇಲೇ ಹೇರಿಕೊಂಡು, ಗೋಡೆಯತ್ತ ಮುಖ ತಿರುಗಿಸಿ ಒಂದು ಗಂಟೆ ಕೂತಿದ್ದರು. ಆರು ವರ್ಷದ ಹಿಂದೆ ಯಜಮಾನರು ತೀರಿಕೊಂಡ ದಿನ ತಮ್ಮನು ಗೇಟಿನವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ಒಳಗೆ ಬರದೆ ಹೋದ. "ಸತ್ತಿದ್ದು ನಿಜಾನಾ ಅಂತ ನೋಡ್ಕೊಂಡು ಹೋಗೋಕೆ ಬಂದಿದ್ದ," ಎಂದರು ಟೀಚರ್, ಅಳುವಿನ ನಡುವೆಯೂ.

ಅಂಥವನ ಹೆಸರು ತನ್ನ ಹೆಸರಿನ ಪಕ್ಕದಲ್ಲಿ, ಹಿತ್ತಾಳೆಯ ಫಲಕದಲ್ಲಿ, ಮೊಮ್ಮಕ್ಕಳು ಮರಿಮಕ್ಕಳ ಕಾಲದವರೆಗೆ! ಆಗದ ಮಾತು. ಮ್ಯೂಸಿಯಂಗೆ ಹೋಗಿ ಆ ಹೆಸರನ್ನು ಹೊಡೆಸಿಹಾಕಿಯೇ ಬರುತ್ತೇನೆ ಎಂದು ಟೀಚರ್ ಮಗಳನ್ನು ಕಾರು ತೆಗೆಯಲು ಹೇಳಿದರು.

ಮ್ಯೂಸಿಯಂನ ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಅಲ್ಲಿಯ ಅಧಿಕಾರಿ ಒಬ್ಬ ಎತ್ತರದ ಹೆಂಗಸು. ಬಂದವರಿಗೆ ಮೊದಲು ಕೊಟ್ಟದ್ದು ಬಿಳಿ ಕೈಗವಸು.

"ಇದ್ಯಾಕೆ? ನನ್ನ ಕೈ ಗುರುತು ಬೀಳಬಾರದು ಅಂತಾನಾ?" ಎಂದರು ಟೀಚರ್.

"ಅಸಲಿ ಮೇಜಿಗೆ ಬೆವರು ತಾಗಬಾರದು ಅಷ್ಟೇ ಮೇಡಂ. ಎಲ್ಲರಿಗೂ ಅದೇ ನಿಯಮ."

ಬಿಳಿ ದೀಪದ ಕೆಳಗೆ ಎರಡು ಮೇಜು ಅಕ್ಕಪಕ್ಕ ನಿಂತಿದ್ದವು. ಒಂದು ಶೆಡ್ಡಿನದು, ಒಂದು ಕಾರ್ಖಾನೆಯದು. ಎರಡನ್ನೂ ಹಜಾರದಲ್ಲಿ ಒಟ್ಟಿಗೇ ಇಟ್ಟು, ಒಂದು ವಸ್ತು ಹೇಗೆ ಮನೆಮನೆಗೆ ಹೋಯಿತು ಎಂದು ಜನರಿಗೆ ತೋರಿಸುವ ಯೋಚನೆ ಆ ಅಧಿಕಾರಿಯದು. ಟೀಚರ್ ಬಂದ ವಿಷಯವನ್ನು ನೇರವಾಗಿ ಹೇಳಿದರು. ತಮ್ಮನೇ ನಮೂನೆಯನ್ನು ಕಾರ್ಖಾನೆಗೆ ಕೊಟ್ಟವನು, ಅವನ ಹೆಸರು ಫಲಕದಲ್ಲಿ ಬರಕೂಡದು. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, "ಹಾಗೆ ಬರೀಬೇಕು ಅಂದ್ರೆ ಏನಾದ್ರೂ ಆಧಾರ ಬೇಕಲ್ವಾ ಮೇಡಂ," ಎಂದಳು.

"ಆಧಾರ ಇಲ್ಲೇ ನಿಂತಿದೆಯಲ್ಲಮ್ಮ. ಅವನ ಅಚ್ಚಿಂದಾನೇ ಇದನ್ನ ಕೊಯ್ದಿರೋದು. ತೋರಿಸ್ತೀನಿ ನೋಡು."

ಮೊದಲು ಶೆಡ್ಡಿನ ಮೇಜಿನ ಸುತ್ತ ಕೈಯಾಡಿಸಿದರು. ಗವಸಿನ ಬೆರಳು ಒಂದು ಸುತ್ತು ಎಲ್ಲೂ ತಡೆಯದೆ ಹೋಗಿ ಬಂತು. ಟೀಚರ್ ಬೇಡವೆಂದುಕೊಂಡರೂ ಇನ್ನೊಂದು ಸುತ್ತು ಕೈಯಾಡಿಸಿದರು. ಎಷ್ಟೆಂದರೂ ಹಳೆಯ ಕಾಲದ್ದು. ಆಮೇಲೆ ನಕಲಿಯ ಹತ್ತಿರ ಬಂದು, "ಇದಕ್ಕೂ ಗವಸು ಬೇಕಾ?" ಎಂದರು ಕೊಂಕಾಗಿ. ಇದು ಎಷ್ಟು ಬೇಕಾದರೂ ಸಿಗುತ್ತದೆ, ಬೇಡ ಎಂದಳು ಅಧಿಕಾರಿ. ಟೀಚರ್ ಗವಸು ಕಿತ್ತು, ಐವತ್ತು ವರ್ಷದಲ್ಲಿ ಮೊದಲ ಸಲ, ನಕಲು ಮೇಜಿನ ಅಂಚಿನ ಮೇಲೆ ಬರಿಗೈ ಇಟ್ಟರು.

ಅರ್ಧ ಸುತ್ತು ಸಲೀಸಾಗಿ ಹೋಯಿತು. ಅಂಚು ಎಡಕ್ಕೆ ಹೊರಳುವ ಜಾಗದಲ್ಲಿ ಬೆರಳು ಕುಸಿಯಿತು. ಕಣ್ಣಿಗೆ ಕಾಣದಂಥ ತಗ್ಗು, ಹೆಬ್ಬೆರಳಿನಷ್ಟು ಅಗಲ. ಟೀಚರ್ ಬೆರಳು ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಎಳೆದರು. ಇತ್ತು. ಮೂರನೆಯ ಸಲ ಕಣ್ಣು ಮುಚ್ಚಿ ಎಳೆದರು.

ಅದು ಅವರ ಅಡುಗೆಮನೆಯ ನೆಲ. ಒಂದು ಕಲ್ಲುಚಪ್ಪಡಿಗೂ ಇನ್ನೊಂದಕ್ಕೂ ನಡುವೆ ಇದ್ದ ಸಂದು. ಹಾಳೆಯ ಮೇಲೆ ಪೆನ್ಸಿಲು ಓಡುವಾಗ ಆ ಸಂದಿನ ಮೇಲೆ ಒಂದು ಕ್ಷಣ ಕೆಳಗಿಳಿದು ಮೇಲೆ ಬಂದಿತ್ತು, ಗೆರೆ ಒಳಕ್ಕೆ ಸರಿದಿತ್ತು. ಬರೆದ ಆಕೆಗೆ ಗೊತ್ತಾಗಿರಲಿಲ್ಲ. ಗೊತ್ತಾದದ್ದು ತಮ್ಮನಿಗೆ. "ಏನಕ್ಕ ಇದು, ನಿನ್ನ ಅಡುಗೆಮನೆ ನೆಲಾನೂ ಸೇರಿಸಿ ಬರೆದಿದೀಯಲ್ಲ," ಎಂದು ಗೊಳ್ಳೆಂದು ನಕ್ಕು, ಅಚ್ಚು ಕತ್ತರಿಸುವಾಗ ಆ ಜಾಗವನ್ನು ಉಜ್ಜಿ ಸರಿಮಾಡಿದ್ದ. ಅವನ ಅಚ್ಚಿನಲ್ಲಿ ತಗ್ಗಿರಲಿಲ್ಲ. ಅಚ್ಚಿನಿಂದ ಕೊಯ್ದ ಒಂದು ಮೇಜಿನಲ್ಲೂ ಇರಲಿಲ್ಲ. ತಗ್ಗು ಇದ್ದದ್ದು ಹಾಳೆಯಲ್ಲಿ ಮಾತ್ರ. ಕಾರ್ಖಾನೆಯವರಿಗೆ ಅದು ತಪ್ಪೆಂದು ತಿಳಿಯುವುದಾದರೂ ಹೇಗೆ? ಹಾಳೆಯಲ್ಲಿದ್ದುದನ್ನು ಇದ್ದ ಹಾಗೇ ಇಳಿಸಿ ಸಾವಿರಗಟ್ಟಲೆ ಕೊಯ್ದಿದ್ದರು.

"ಏನಾಯ್ತು ಮೇಡಂ? ಆಧಾರ ಸಿಕ್ತಾ?" ಎಂದಳು ಅಧಿಕಾರಿ.

"ತಲೆ ಸುತ್ತುತ್ತೆ. ಮನೆಗೆ ಹೋಗ್ತೀನಿ," ಎಂದರು ಟೀಚರ್.

ಕಾರಿನಲ್ಲಿ ಮಗಳು ನೀರಿನ ಬಾಟಲಿ ಕೊಟ್ಟಳು, ಡಾಕ್ಟರ ಹತ್ತಿರ ಹೋಗೋಣವೇ ಎಂದಳು. ಟೀಚರ ಕಿವಿಗೆ ಏನೂ ಬೀಳಲಿಲ್ಲ. ತಮ್ಮನ ಮೇಲಿನ ಅನುಮಾನವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವವರಲ್ಲ ಅವರು. ಐವತ್ತು ವರ್ಷ ಸಾಕಿದ್ದು. ಅವನೇ ಹಾಳೆಯನ್ನು ಮತ್ತೆ ಕದ್ದು ಕೊಟ್ಟಿರಬಹುದಲ್ಲ? ಆದರೆ ಕೈಯಲ್ಲಿ ತಯಾರು ಅಚ್ಚು ಇರುವವನು ತಪ್ಪಿರುವ ಹಾಳೆಯನ್ನು ಯಾಕೆ ಕದಿಯುತ್ತಾನೆ? ಕದ್ದರೂ ಎಲ್ಲಿಂದ? ಹಾಳೆ ಇದ್ದದ್ದು ಮಲಗುವ ಕೋಣೆಯ ಕಪಾಟಿನ ಮೇಲೆ, ತಗಡಿನ ಕೊಳವೆಯಲ್ಲಿ. ಆ ಕೋಣೆಗೆ ತಮ್ಮ ಒಂದು ದಿನವೂ ಕಾಲಿಟ್ಟವನಲ್ಲ. ಮಗಳು ಆಗ ಎರಡು ವರ್ಷದ ಕೂಸು. ಕೆಲಸದವರು ಇರಲಿಲ್ಲ. ಒಬ್ಬೊಬ್ಬರನ್ನೇ ಬೆರಳು ಮಡಚಿ ಬದಿಗಿಡುತ್ತಾ ಬಂದರೆ ಕೊನೆಗೆ ಉಳಿಯುತ್ತಿದ್ದುದು ಒಂದೇ ಬೆರಳು. ಟೀಚರ್ ಅದನ್ನು ಮಡಚಲೂ ಆರದೆ, ಹಾಗೇ ಬಿಡಲೂ ಆರದೆ ಕೂತರು.

ಮನೆಗೆ ಬಂದವರೇ ಕಪಾಟಿನ ಮೇಲಿಂದ ತಗಡಿನ ಕೊಳವೆ ಇಳಿಸಿದರು. ಹಾಳೆ ಒಣಗಿ ಚಕ್ಕೆಯೇಳುವಂತಾಗಿತ್ತು. ಹಾಸಿಗೆಯ ಮೇಲೆ ಬಿಡಿಸಿ, ಭೂತಗನ್ನಡಿ ಹಿಡಿದು ಮೂಲೆಯಿಂದ ಮೂಲೆಗೆ ನೋಡುತ್ತಾ ಹೋದರು. ನಾಲ್ಕು ಮೂಲೆಯಲ್ಲೂ ಒಂದೊಂದು ಗುಂಡುಪಿನ್ನಿನ ತೂತು, ಸುತ್ತ ತುಕ್ಕಿನ ಕಲೆ. ಟೀಚರ್ ಎಂದೂ ಪಿನ್ನು ಚುಚ್ಚಿದವರಲ್ಲ, ಅವರ ಹಾಳೆ ನೆಲದ ಮೇಲಿರುತ್ತಿತ್ತು. ತಮ್ಮನೂ ಅಲ್ಲ. ಮರಕ್ಕೆ ಗಾಯವಾಗುತ್ತದೆಂದು ಅವನು ಇಟ್ಟಿಗೆ ಇಡುತ್ತಿದ್ದ. ಹಾಳೆಯನ್ನು ಬೇರೆ ಯಾವುದೋ ಕೋಣೆಯಲ್ಲಿ, ಬೇರೆ ಯಾವುದೋ ಹಲಗೆಗೆ ಚುಚ್ಚಿ, ಮತ್ತೊಂದು ಹಾಳೆಗೆ ಗೆರೆ ಇಳಿಸಿಕೊಂಡು, ನೀಟಾಗಿ ಸುತ್ತಿ ವಾಪಸು ತಂದಿಟ್ಟಿದ್ದರು.

ಆಗ ನೆನಪಾಯಿತು. ನಕಲಿ ಬಂದ ವರ್ಷವೇ ಯಜಮಾನರಿಗೆ ಆ ಕಾರ್ಖಾನೆಗೆ ಅಂಟು ಪೂರೈಸುವ ಏಜೆನ್ಸಿ ಪೂರ್ತಿಯಾಗಿ ಸಿಕ್ಕಿತ್ತು. ಅದೇ ಸಂತೋಷಕ್ಕೆ ಅವರು ಹೆಂಡತಿಗೊಂದು ಕಾಣಿಕೆ ತಂದಿದ್ದರು: ಬರೆಯುವ ಮೇಜು, ಓರೆ ಮಾಡಬಹುದಾದ ಹಲಗೆ ಇದ್ದದ್ದು. "ಇನ್ನು ನೆಲದ ಮೇಲೆ ಮಂಡಿಯೂರಿ ಬರೀಬೇಡ, ಕಾಲು ನೋಯುತ್ತೆ," ಎಂದಿದ್ದರು. ಇಷ್ಟು ಒಳ್ಳೆಯ ಗಂಡ ಯಾರಿಗೆ ಸಿಗುತ್ತಾನೆ ಎಂದು ಟೀಚರ್ ಅವತ್ತು ಅತ್ತಿದ್ದರು. ಒಡಹುಟ್ಟಿದವನು ಕೈಕೊಟ್ಟ, ಕಟ್ಟಿಕೊಂಡವರು ಕೈಬಿಡಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೂವತ್ತು ವರ್ಷ ಮಕ್ಕಳ ಚಿತ್ರಗಳನ್ನು ತಿದ್ದಿದ್ದು ಅದೇ ಮೇಜಿನ ಮೇಲೆ. ಅವರು ಮಂಚದ ಅಂಚಿಗೆ ಕೂತರು. ಸಿಟ್ಟು ಬಂತು, ನಾಚಿಕೆಯೂ ಬಂತು. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿಗೆ ಒಯ್ದು ಸುರಿಯುವುದು?

"ಏನು ಹುಡುಕ್ತಿದೀಯ ಅಮ್ಮ?" ಎಂದಳು ಮಗಳು ಬಾಗಿಲಲ್ಲಿ ನಿಂತು. ಅವಳ ತಲೆಯ ಮೇಲೆಯೇ ಗೋಡೆಯಲ್ಲಿ ಅಪ್ಪನ ಫೋಟೋ.

ಮನಸ್ಸಿಗೆ ಬಂದ ಅನುಮಾನವನ್ನು ಮರುಗಳಿಗೆಯೇ ನಾಲಿಗೆಗೆ ತರುತ್ತಿದ್ದ ಹೆಂಗಸು, ಹುಟ್ಟಿದಾಗಿನಿಂದ ಮೊದಲ ಸಲ, ತುಟಿ ಬಿಗಿಹಿಡಿದರು. "ಏನಿಲ್ಲ. ಆ ಫಾರಂ ಎಲ್ಲಿದೆ, ಕೊಡು. ನಿಮ್ಮ ಮಾವನ ಹತ್ರ ಹೋಗ್ಬೇಕು."

ತಮ್ಮನ ಅಂಗಡಿ ಸೈಕಲ್ ರಿಪೇರಿಯವನಿಗೂ ಹೊಲಿಗೆಯವನಿಗೂ ನಡುವೆ ಇದ್ದ ಒಂದು ಇಕ್ಕಟ್ಟಿನ ಗೂಡು. ಮಗಳನ್ನು ಕಾರಿನಲ್ಲೇ ಇರಲು ಹೇಳಿ ಟೀಚರ್ ಒಬ್ಬರೇ ಇಳಿದರು. ಒಳಗೆ ನೀರಿನಲ್ಲಿ ನೆನೆಹಾಕಿದ ಬೆತ್ತದ ವಾಸನೆ. ಸೀಟಿಲ್ಲದ ಕುರ್ಚಿಯೊಂದನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಬಕ್ಕತಲೆಯ ಮುದುಕನೊಬ್ಬ ಬೆತ್ತ ಎಳೆಯುತ್ತಿದ್ದ. ತಲೆಯೆತ್ತಿ ನೋಡಿದ. ಬಾ ಎನ್ನಲಿಲ್ಲ. ಕೈಯೂ ನಿಲ್ಲಲಿಲ್ಲ.

"ಮ್ಯೂಸಿಯಂಗೆ ಹೋಗಿದ್ದೆ," ಎಂದರು ಟೀಚರ್.

"ಹೂಂ."

"ನಕಲಿ ಮೇಜು ಮುಟ್ಟಿ ನೋಡ್ದೆ."

ಈಗ ಕೈ ನಿಂತಿತು. "ಇಷ್ಟು ದಿನ ಮುಟ್ಟಿರ್ಲಿಲ್ವಾ?"

"ಇಲ್ಲ."

ಅವನು ನಗುವವನಂತೆ ಮಾಡಿ ತಲೆಯಾಡಿಸಿದ. "ತಗ್ಗು ಸಿಕ್ತಾ?"

"ಸಿಕ್ತು. ನಿಂಗೆ ಯಾವಾಗ ಗೊತ್ತಾಯ್ತು?"

"ಅಂಗಡಿಗೆ ಬಂದ ದಿನಾನೇ. ಒಳಗೆ ಹೋಗಿ ಕೈಯಾಡಿಸ್ದೆ. ನಿನ್ನ ಅಡುಗೆಮನೆ ನೆಲ ನಂಗೆ ಗೊತ್ತಾಗಲ್ವಾ ಅಕ್ಕ?"

ಐವತ್ತು ವರ್ಷದ ಮೇಲೆ ಕಿವಿಗೆ ಬಿದ್ದ ಅಕ್ಕ ಎಂಬ ಮಾತಿಗೆ ಟೀಚರಿಗೆ ಅಳು ಬರಬೇಕಿತ್ತು. ಬಂದದ್ದು ಕೋಪ. "ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ? ಇಷ್ಟು ವರ್ಷ ಕಲ್ಲು ಕೂತ ಹಾಗೆ ಕೂತಿದ್ಯಲ್ಲೋ!"

"ಬಿಟ್ನಲ್ಲ. ನಾನು ಕೊಟ್ಟಿಲ್ಲ ಅಂತ ಹೇಳಿದ್ನಲ್ಲ."

"ಅದಲ್ಲ. ನಿಮ್ಮ ಭಾವನ ವಿಷಯ."

ಅವನು ಬೆತ್ತದ ತುದಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. "ಅದನ್ನ ಹೇಳೋಕೆ ಬಾಯಿ ತೆಗೆದಿದ್ದೆ. ಹೇಳಿದ್ರೆ ನಮ್ಮಿಬ್ಬರಲ್ಲಿ ಯಾರನ್ನ ನಂಬ್ತಿದ್ದೆ? ನಿಜ ಹೇಳು."

ನಿನ್ನನ್ನೇ ಕಣೋ ಎಂದುಬಿಡಬೇಕೆಂದು ಟೀಚರಿಗೆ ಬಹಳ ಆಸೆಯಾಯಿತು. ಆದರೆ ಅವನು ನೆಟ್ಟಗೆ ನೋಡುತ್ತಿದ್ದ.

"ಅವರನ್ನೇ," ಎಂದರು.

"ಮತ್ತೆ?" ಎಂದ ತಮ್ಮ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅದನ್ನ ನಿನ್ನ ಬಾಯಿಂದ ಕೇಳೋದು ನಂಗೆ ಬೇಕಾಗಿರ್ಲಿಲ್ಲ."

ಟೀಚರ್ ಫಾರಂ ತೆಗೆದರು. ಮರದ ಪೆಟ್ಟಿಗೆಯೊಂದರ ಮೇಲೆ ಇಟ್ಟು, ತಮ್ಮನ ಸಹಿಯ ಕೆಳಗಿನ ಗೆರೆಯ ಮೇಲೆ ನಿಧಾನವಾಗಿ ಹೆಸರು ಬರೆದರು. ಅದನ್ನು ಅವನ ಮುಂದೆ ಹಿಡಿದು, "ತಪ್ಪಾಯ್ತು ಕಣೋ," ಎಂದರು. ಹೇಳುವಾಗ ಅಳು ತಡೆಯಲಾಗಲಿಲ್ಲ.

ಅವನು ಕನ್ನಡಕವನ್ನು ಅಂಗಿಗೆ ಒರೆಸಿಕೊಂಡು ಸಹಿಯನ್ನು ನೋಡಿದ.

"ಇದು ನನ್ನ ನಂಬಿ ಹಾಕಿದ್ದಲ್ಲ ಅಕ್ಕ. ಮೇಜು ಹೇಳ್ತು, ನೀನು ಹಾಕ್ದೆ. ಅದು ಹೇಳದೆ ಇದ್ದಿದ್ರೆ?"

ಅವತ್ತು ಬೆಳಿಗ್ಗೆ ಟೀಚರ್ ಮನೆಯಿಂದ ಹೊರಟದ್ದೇ ಅವನ ಹೆಸರು ಹೊಡೆಸಿಹಾಕಲು. ಮುಖ ಒರೆಸಿಕೊಂಡು, ಒಂದು ಹೆಜ್ಜೆ ಹತ್ತಿರ ಬಂದು, "ಇನ್ಮೇಲೆ ನಂಬ್ತೀನಿ ಕಣೋ. ಯಾರು ಏನೇ ಹೇಳ್ಲಿ, ನಿನ್ನ ಮಾತೇ ನಂಬ್ತೀನಿ," ಎಂದರು.

ಅವನು ಪಕ್ಕದ ಸ್ಟೂಲಿನ ಮೇಲೆ ಬಿದ್ದಿದ್ದ ಬೆತ್ತದ ಚೂರುಗಳನ್ನು ಕೊಡವಿ, ಅದನ್ನು ಅಕ್ಕನ ಕಡೆಗೆ ತಳ್ಳಿದ.

"ನಂಗೀಗ ಎಪ್ಪತ್ತೇಳು ಅಕ್ಕ," ಎಂದ.